ಮದ್ರಾಸಿಗೆ ಎರಡು ದಿನ

ಮಕ್ಕಳು ಸಮುದ್ರ ನೋಡಬೇಕೆಂದು ಹಟ ಹಿಡಿದಿದ್ದಾರೆ. ನಮ್ಮದು ಪಾಪಿನಾಯಕನಹಳ್ಳಿ. ಇಲ್ಲಿ ದೊಡ್ಡ ನೀರು ಎಂದರೆ ತುಂಗಭದ್ರಾ ಡ್ಯಾಮು. ಮನೆಯಲ್ಲಿ ಎಲ್ಲರ ಬಾಯಲ್ಲೂ ಗೋವಾ. ನಾನೊಬ್ಬನೇ ಚೆನ್ನೈ ಎಂದೆ. ಎರಡೇ ದಿನದ ರಜೆಗೆ ಅಷ್ಟು ದೂರ ಯಾಕೆ ಎಂದು ಕೇಳಿದರು. ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ಪ್ರವಾಸದ ಪಟ್ಟಿಯೇ ಬೇರೆಯಾಯಿತು.

ನನ್ನ ತಾತ ಕೊನೆಯವರೆಗೂ ಚೆನ್ನೈ ಅನ್ನಲಿಲ್ಲ, ಅವನಿಗೆ ಅದು ಮದ್ರಾಸೇ. ನಲವತ್ತರ ದಶಕದಲ್ಲಿ ಹೊಲದ ವ್ಯಾಜ್ಯವೊಂದರ ಅಪೀಲಿಗಾಗಿ ಒಮ್ಮೆ ಅಲ್ಲಿಗೆ ಹೋಗಿಬಂದಿದ್ದ. ಮೀಟರ್ ಗೇಜಿನ ಗಾಡಿಯಲ್ಲಿ ಗುಂತಕಲ್ಲಿಗೆ ಹೋಗಿ, ಅಲ್ಲಿ ಇಳಿದು, ಬ್ರಾಡ್ ಗೇಜಿನ ಗಾಡಿ ಹತ್ತಬೇಕಿತ್ತು. ಬಂದಮೇಲೆ ಅಜ್ಜಿ ಕೇಳಿದಳಂತೆ, ‘ಸಮುದ್ರ ಹೆಂಗೈತಿ?’ ತಾತ ಹೇಳಿದ್ದು, ‘ನೋಡಾಕ ಪುರುಸೊತ್ತು ಎಲ್ಲಿತ್ತು?’ ನಮ್ಮ ಮನೆಯಲ್ಲಿ ಇದು ಇವತ್ತಿಗೂ ನಗೆಚಾಟಿಕೆ.

ಹೊಸಪೇಟೆ ಸೀಮೆಯವನು ನ್ಯಾಯ ಕೇಳಲು ಮದ್ರಾಸಿಗೆ ಯಾಕೆ ಹೋಗಬೇಕಿತ್ತು ಎಂದು ಇಂದಿನ ವಿದ್ಯಾರ್ಥಿಗಳು ಕೇಳಬಹುದು. 1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ‘ದತ್ತ ಮಂಡಲ’ ಎಂಬ ಹೆಸರು ಬಂದದ್ದು ಹಾಗೆ. ಅಲ್ಲಿಂದ 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸಿನವರು. ಅಂದು ಆಂಧ್ರ ರಾಜ್ಯ ಹುಟ್ಟಿತು; ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು, ಹೊಸಪೇಟೆಯೂ ಸೇರಿ ಉಳಿದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಅಂದರೆ ನೂರೈವತ್ಮೂರು ವರ್ಷ ನಮ್ಮ ಕಂದಾಯ, ಕಾಗದ, ತಕರಾರು ಎಲ್ಲವೂ ಪೂರ್ವದ ಕಡಲಿನತ್ತ ಸಾಗಿದವು.

ಆ ನಗರದ ಹುಟ್ಟಿಗೂ ನಮ್ಮ ಹಂಪಿಗೂ ನಂಟಿದೆ. 1565ರಲ್ಲಿ ವಿಜಯನಗರ ಹಾಳಾದ ಮೇಲೆ ಅರವೀಡು ಅರಸರು ಪೆನುಕೊಂಡೆಗೆ, ಆಮೇಲೆ ಚಂದ್ರಗಿರಿ, ವೆಲ್ಲೂರುಗಳ ಕಡೆಗೆ ಸರಿದರು. 1639ರಲ್ಲಿ ಕಂಪನಿಯ ಫ್ರಾನ್ಸಿಸ್ ಡೇಗೆ ಕಡಲ ದಂಡೆಯ ನೆಲ ಕೊಟ್ಟ ದಾಮರ್ಲ ವೆಂಕಟಾದ್ರಿ ನಾಯಕ ಆ ವಂಶದ ಅರಸನ ಅಧೀನದವನು. ಅವನ ತಂದೆ ಚೆನ್ನಪ್ಪ ನಾಯಕನ ಹೆಸರಿನಿಂದ ಚೆನ್ನಪಟ್ಟಣ ಎಂಬ ಹೆಸರು ಬಂತು ಎನ್ನುತ್ತಾರೆ. ಹಂಪಿ ಹಾಳಾದ ಎಪ್ಪತ್ತನಾಲ್ಕು ವರ್ಷಕ್ಕೆ, ಅದೇ ರಾಜ್ಯದ ಅಳಿದುಳಿದ ಅಂಚಿನಲ್ಲಿ ಮದ್ರಾಸು ಮೊಳೆಯಿತು.

ಇಷ್ಟು ಗೊತ್ತಾದ ಮೇಲೆ ಪಟ್ಟಿ ಹಾಕುವುದು ಸುಲಭ. ಎಗ್ಮೋರಿನ ಸರ್ಕಾರಿ ಮ್ಯೂಸಿಯಂಗೆ ಶುಕ್ರವಾರ ರಜೆ, ಆದ್ದರಿಂದ ಶನಿವಾರ ಬೆಳಿಗ್ಗೆ ಅಲ್ಲಿಗೆ. 1851ರಲ್ಲಿ ಶುರುವಾದ ಈ ಮ್ಯೂಸಿಯಂ 1904ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಕೂಡಿಟ್ಟಿದ್ದ ಪ್ರಾಗೈತಿಹಾಸಿಕ ಸಂಗ್ರಹವನ್ನು ಕೊಂಡುಕೊಂಡಿತು. ಬಳ್ಳಾರಿ ಸುತ್ತಿನ ಬೆಟ್ಟಗಳಲ್ಲಿ ಆತ ಆಯ್ದ ಕಲ್ಲಿನ ಕೊಡಲಿಗಳು ಆ ಸಂಗ್ರಹದಲ್ಲಿವೆ. ನಮ್ಮೂರಿಂದ ಬಳ್ಳಾರಿಗೆ ಹೋಗುವಾಗ ಸಿಗುವ ಕುಡತಿನಿಯ ಬೂದಿದಿಬ್ಬವನ್ನೂ ಆತ ಪರಿಶೀಲಿಸಿದ್ದ. ಮಕ್ಕಳು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ದಾಟಿದ ಜಾಗವದು.

ಎಗ್ಮೋರಿನಲ್ಲೇ ತಮಿಳುನಾಡು ಪತ್ರಾಗಾರವೂ ಇದೆ. ಬಳ್ಳಾರಿ ಜಿಲ್ಲೆಯ ಹಳೆಯ ದಾಖಲೆಗಳು ಅಲ್ಲಿವೆ. ಮಕ್ಕಳನ್ನು ಕಟ್ಟಿಕೊಂಡು ಅಲ್ಲಿ ಕೂರಲಾಗದು. ಹೊರಗಿನಿಂದ ನೋಡಿ ಬರುವುದಷ್ಟೇ.

ಭಾನುವಾರ ಸೇಂಟ್ ಜಾರ್ಜ್ ಕೋಟೆ. ಅದರ ಸಮೀಪ, ಐಲ್ಯಾಂಡಿನಲ್ಲಿ ಥಾಮಸ್ ಮನ್ರೋನ ಕಂಚಿನ ಪ್ರತಿಮೆಯಿದೆ. ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ, ನಿಲ್ಲಿಸಿದ್ದು 1839ರಲ್ಲಿ. ಮನ್ರೋ ಕುದುರೆಯ ಮೇಲಿದ್ದಾನೆ, ಕುದುರೆಗೆ ಜೀನಿಲ್ಲ, ರಿಕಾಪಿಲ್ಲ. ದತ್ತ ಮಂಡಲದ ಮೊದಲ ಪ್ರಧಾನ ಕಲೆಕ್ಟರ್ ಈತ. ಪಾಳೆಯಗಾರರನ್ನು ಬಗ್ಗುಬಡಿದು, ಹೊಲಹೊಲ ಅಳೆಸಿ, ರೈತನ ಮೇಲೆ ನೇರವಾಗಿ ಕಂದಾಯ ಕಟ್ಟುವ ರೈತವಾರಿ ಪದ್ಧತಿಯನ್ನು ಇಲ್ಲಿ ಬೇರೂರಿಸಿದ. ಆಮೇಲೆ ಮದ್ರಾಸಿನ ಗವರ್ನರ್ ಆಗಿ, 1827ರಲ್ಲಿ ಇದೇ ಸೀಮೆಯ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಅವನನ್ನು ಹೊಗಳುವ ಕತೆಗಳೂ ಇವೆ. ಆದರೆ ತಾತನ ಹೊಲಕ್ಕೆ ಒಂದು ಸರ್ವೆ ನಂಬರು, ಆ ನಂಬರಿಗೊಂದು ವ್ಯಾಜ್ಯ ಬಂದದ್ದು ಇಂಥ ಅಳತೆಯ ದಾರಿಯಿಂದಲೇ.

ಮದ್ರಾಸು ನಮ್ಮಿಂದ ಕಂದಾಯವನ್ನಷ್ಟೇ ಒಯ್ಯಲಿಲ್ಲ, ನಮ್ಮ ನೆನಪನ್ನೂ ಕಾಪಿಟ್ಟಿತು. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಹಂಪಿ, ಹೊಸಪೇಟೆಗಳ ಶಾಸನಗಳನ್ನು ಹುಡುಕಿ ನಾನು ಬರಿಗೈಲಿ ಮರಳಿದ್ದೆ. ಆ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸೇರಿದ್ದವು. ನಮ್ಮ ಕಡೆಯ ಕನ್ನಡ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ನ ಒಂಬತ್ತನೆಯ ಸಂಪುಟದಲ್ಲಿವೆ, ಮದ್ರಾಸ್ ಪ್ರೆಸಿಡೆನ್ಸಿಯ ಕನ್ನಡ ಶಾಸನಗಳು ಎಂಬ ಲೆಕ್ಕದಲ್ಲಿ. ಕಾಲಿನ್ ಮೆಕೆಂಜಿ ಹಳ್ಳಿಹಳ್ಳಿಯಿಂದ ಬರೆಸಿ ತರಿಸಿದ ಕೈಫಿಯತ್ತುಗಳೂ ಮದ್ರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯ ಸೇರಿದವು. ಅವುಗಳಲ್ಲಿನ ಕನ್ನಡದವನ್ನು ಎಂ.ಎಂ. ಕಲಬುರ್ಗಿ ಸಂಪಾದಿಸಿ, 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ಹೋದ ಮಾತು ಅಚ್ಚಾಗಿ ನಮ್ಮ ಪಕ್ಕಕ್ಕೇ ಬಂತು.

ಪಟ್ಟಿಯ ಕೊನೆಯಲ್ಲಿ ಹೈಕೋರ್ಟು ಮತ್ತು ಮರೀನಾ ಇವೆ. 1892ರಲ್ಲಿ ತೆರೆದ ಆ ಕೆಂಪು ಕಟ್ಟಡದ ದೊಡ್ಡ ಗುಮ್ಮಟದ ಮೇಲೆ 1894ರಿಂದ 1977ರವರೆಗೆ ಹಡಗುಗಳಿಗೆ ದಾರಿ ತೋರಿಸುವ ದೀಪವಿತ್ತು. ಆಮೇಲೆ ದೀಪ ಮರೀನಾದ ಹೊಸ ಕಂಬಕ್ಕೆ ಹೋಯಿತು. ಇದನ್ನು ಓದಿದ ದಿನ ಮನೆಯ ನಗೆಚಾಟಿಕೆ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ತಾತ ನಿಂತದ್ದು ಕಡಲಿಂದ ಕಾಣುವ ದೀಪಸ್ತಂಭದ ಬುಡದಲ್ಲಿ. ಬಂದರು ಅಲ್ಲಿಂದ ಕೂಗಳತೆಯ ದೂರ. ಕೈಯಲ್ಲಿ ಕಾಗದದ ಗಂಟು, ತಲೆಯಲ್ಲಿ ವಾಪಸ್ ಗಾಡಿಯ ಚಿಂತೆ. ಪುರುಸೊತ್ತು ನಿಜಕ್ಕೂ ಇರಲಿಲ್ಲ.

ಮನೆಯಲ್ಲಿ ಇದನ್ನೆಲ್ಲ ಹೇಳಿದೆ. ಗೋವಾದ ಮಾತು ನಿಂತಿತು. ಟಿಕೆಟ್ ಆಗಿದೆ, ಗುಂತಕಲ್ಲಿನಲ್ಲಿ ಗಾಡಿ ಬದಲಿಸಬೇಕು. ಭಾನುವಾರ ಕೋರ್ಟಿಗೆ ರಜೆ. ಗೇಟಿನ ಹೊರಗೆ ನಿಂತು ಗುಮ್ಮಟ ನೋಡಿ, ಅಲ್ಲಿಂದ ಸೀದಾ ಮರೀನಾಕ್ಕೆ ಹೋಗುತ್ತೇವೆ.