ಸಕ್ಕರೆ ತೆಗೆದರೆ ಕೇಕ್ ಯಾಕೆ ಕುಸಿದು ಕೂರುತ್ತೆ?

ಇವತ್ತು ಕೇಕಿನ ಕತೆ. ರೆಸಿಪಿ ಅಲ್ಲ, ಇತಿಹಾಸ.

ಫೋನ್ ತೆರೆದರೆ ಸಾಕು, ಸಕ್ಕರೆ ಇಲ್ಲದ ಕೇಕು, ಬೆಣ್ಣೆ ಇಲ್ಲದ ಬ್ರೌನಿ, ತೂಕ ಇಳಿಸೋರಿಗೆ ಕುಕೀಸು ಅಂತ ರೀಲ್ಸ್ ಸಾಲುಗಟ್ಟಿ ಬರುತ್ತವೆ. ಇದು ನಮ್ಮ ಕಾಲದ ಫ್ಯಾಷನ್ ಅಂತ ಅನ್ನಿಸಬಹುದು. ಆದರೆ ಈ ಹುಡುಕಾಟ ಶುರುವಾಗಿ ನೂರನಲವತ್ತು ವರ್ಷ ದಾಟಿದೆ. ಅಷ್ಟು ವರ್ಷದಲ್ಲಿ ಸಿಹಿಗೆ ಬದಲಿ ಎಷ್ಟೋ ಸಿಕ್ಕಿವೆ. ಸಕ್ಕರೆಗೆ ಮಾತ್ರ ಸರಿಯಾದ ಬದಲಿ ಸಿಕ್ಕಿಲ್ಲ. ಈ ಎರಡು ಬೇರೆ ಬೇರೆ ಅನ್ನೋದೇ ಇವತ್ತಿನ ವಿಷಯ.

1879. ಅಮೆರಿಕದ ಬಾಲ್ಟಿಮೋರ್ ನಗರ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ. ಪ್ರೊಫೆಸರ್ ಐರಾ ರೆಮ್ಸೆನ್ ಅವರ ಲ್ಯಾಬಲ್ಲಿ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಅನ್ನೋ ರಸಾಯನಶಾಸ್ತ್ರಜ್ಞ ಕಲ್ಲಿದ್ದಲಿನ ಟಾರಿನಿಂದ ಬರೋ ವಸ್ತುಗಳ ಮೇಲೆ ಕೆಲಸ ಮಾಡ್ತಿದ್ದ. ಒಂದು ಸಂಜೆ ಕೈ ತೊಳೆಯದೆ ಊಟಕ್ಕೆ ಕೂತ. ಬ್ರೆಡ್ ಮುರಿದು ಬಾಯಿಗಿಟ್ಟರೆ ಸಿಹಿ! ಬೆರಳು ನೆಕ್ಕಿದ, ಅದೂ ಸಿಹಿ. ವಾಪಸ್ ಲ್ಯಾಬಿಗೆ ಓಡಿ ಮೇಜಿನ ಮೇಲಿದ್ದ ಪಾತ್ರೆಗಳನ್ನೆಲ್ಲ ರುಚಿ ನೋಡಿದ. ಬದುಕಿ ಉಳಿದದ್ದು ಅವನ ಪುಣ್ಯ. ಹಾಗೆ ಸಿಕ್ಕಿದ್ದು ಸ್ಯಾಕರಿನ್, ಸಕ್ಕರೆಗಿಂತ ಸುಮಾರು 300 ಪಟ್ಟು ಸಿಹಿ. ಮುಂದೆ ಫಾಲ್‌ಬರ್ಗ್ ತನ್ನ ಹೆಸರಲ್ಲಿ ಪೇಟೆಂಟ್ ತಗೊಂಡ, ರೆಮ್ಸೆನ್ ಜೊತೆ ಸಂಬಂಧ ಕೆಟ್ಟುಹೋಯ್ತು.

ಇದಕ್ಕೆ ಹೆದರಿದವರು ಯಾರು ಗೊತ್ತಾ? ಸಕ್ಕರೆ ಕಾರ್ಖಾನೆಯವರು. ಜರ್ಮನಿಯಲ್ಲಿ ಬೀಟ್ ಸಕ್ಕರೆ ದೊಡ್ಡ ಉದ್ಯಮ. 1902ರಲ್ಲಿ ಅಲ್ಲಿ ಕಾನೂನೇ ಬಂತು: ಸ್ಯಾಕರಿನ್ ಔಷಧಿ ಅಂಗಡಿಯಲ್ಲಿ ಮಾತ್ರ. ಪರಿಣಾಮ? ಪಕ್ಕದ ಸ್ವಿಟ್ಜರ್ಲೆಂಡ್‌ನಿಂದ ಕಳ್ಳಸಾಗಣೆ. ಸಿಹಿ ಪುಡಿಗೋಸ್ಕರ ಗಡಿ ದಾಟುತ್ತಿದ್ದ ಕಾಲ ಅದು.

ಸರಿ, ಚಹಾಕ್ಕೆ ಸ್ಯಾಕರಿನ್ ಸಾಕು. ಕೇಕಿಗೆ? ಲೆಕ್ಕ ಹಾಕಿ ನೋಡಿ. 200 ಗ್ರಾಂ ಸಕ್ಕರೆ ಬೇಕಾದ ಕಡೆ ಅಷ್ಟೇ ಸಿಹಿಗೆ ಒಂದು ಗ್ರಾಂ ಸ್ಯಾಕರಿನ್ ಕೂಡ ಬೇಕಾಗಲ್ಲ. ಉಳಿದ 199 ಗ್ರಾಂ ಜಾಗ ಖಾಲಿ! ಆ ಜಾಗದಲ್ಲಿ ಸಕ್ಕರೆ ಸುಮ್ಮನೆ ಕೂತಿರಲಿಲ್ಲ. ಬೆಣ್ಣೆ ಜೊತೆ ಸಕ್ಕರೆ ಹಾಕಿ ಚೆನ್ನಾಗಿ ತಿರುವಿದಾಗ ಅದರ ಹರಳುಗಳು ಬೆಣ್ಣೆಯೊಳಗೆ ಗಾಳಿಯ ಸಣ್ಣ ಸಣ್ಣ ಗುಳ್ಳೆ ಹಿಡಿಸುತ್ತವೆ. ಕೇಕ್ ಉಬ್ಬೋದು ಅಲ್ಲಿಂದ. ಒಲೆಯ ಬಿಸಿಗೆ ಮೊಟ್ಟೆ, ಮೈದಾ ಬೇಗ ಗಟ್ಟಿಯಾಗದ ಹಾಗೆ ಸಕ್ಕರೆ ತಡೆಯುತ್ತೆ, ಉಬ್ಬೋಕೆ ಸಮಯ ಸಿಗುತ್ತೆ. ನೀರು ಹಿಡಿದಿಟ್ಟು ಮೂರು ದಿನ ಮೆತ್ತಗಿಡುತ್ತೆ. ಮೇಲಿನ ಕಂದು ಬಣ್ಣವೂ ಬಹುಪಾಲು ಅದರದ್ದೇ. ಇಷ್ಟು ಕೆಲಸದವನನ್ನ ಏಕಾಏಕಿ ಮನೆಗೆ ಕಳಿಸಿದರೆ ಕೇಕ್ ಚಪ್ಪಟೆಯಾಗದೆ ಇನ್ನೇನಾಗುತ್ತೆ?

ಕ್ಯಾಲರಿ ಲೆಕ್ಕ ಅಡುಗೆಮನೆಗೆ ಬಂದದ್ದು ಆಮೇಲೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ವಿಲ್ಬರ್ ಆಟ್‌ವಾಟರ್ ಅನ್ನೋ ಅಮೆರಿಕದ ವಿಜ್ಞಾನಿ ಆಹಾರದ ಶಕ್ತಿ ಅಳೆದ. ಪಿಷ್ಟ, ಸಕ್ಕರೆ, ಪ್ರೋಟೀನ್ ಗ್ರಾಂಗೆ 4 ಕ್ಯಾಲರಿ, ಕೊಬ್ಬು 9. ನಿಮ್ಮ ಬಿಸ್ಕತ್ ಪ್ಯಾಕೆಟ್ ಹಿಂದಿನ ಲೆಕ್ಕದ ಬೇರು ಇದೇ. 1918ರಲ್ಲಿ ಡಾಕ್ಟರ್ ಲುಲು ಹಂಟ್ ಪೀಟರ್ಸ್ ಅನ್ನೋ ಮಹಿಳೆ ಕ್ಯಾಲರಿ ಎಣಿಸಿ ತಿನ್ನಿ ಅಂತ ಪುಸ್ತಕ ಬರೆದರು, ಭರ್ಜರಿ ಮಾರಾಟವಾಯ್ತು.

ಆದರೆ ಮನೆಯಲ್ಲಿ ಕೇಕ್ ಮಾಡೋರು ನಿಜವಾಗಿ ಬದಲಿ ಕಲಿತದ್ದು ಡಯೆಟ್‌ಗಾಗಿ ಅಲ್ಲ, ಕೊರತೆಯಿಂದ. 1940ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಸಕ್ಕರೆ, ಬೆಣ್ಣೆಗೆ ರೇಷನ್ ಬಂತು. ಯುದ್ಧದ ಹೆಚ್ಚಿನ ಕಾಲ ಒಬ್ಬರಿಗೆ ವಾರಕ್ಕೆ ಸುಮಾರು 225 ಗ್ರಾಂ ಸಕ್ಕರೆ, ಒಂದು ಮೊಟ್ಟೆ. ಅದೂ ಅಂಗಡಿಯಲ್ಲಿ ಸಿಕ್ಕರೆ. ಸರ್ಕಾರ 'ಡಾಕ್ಟರ್ ಕ್ಯಾರೆಟ್' ಅಂತ ಒಂದು ಕಾರ್ಟೂನನ್ನೇ ಪ್ರಚಾರಕ್ಕೆ ಇಳಿಸಿತ್ತು. ಗೃಹಿಣಿಯರು ಕ್ಯಾರೆಟ್ ತುರಿದು ಕೇಕಿಗೆ ಹಾಕಿದರು, ಮೊಟ್ಟೆ ಬದಲು ವಿನೆಗರ್ ಜೊತೆ ಸೋಡಾ ಸೇರಿಸಿದರು. ನಮ್ಮ ಕಡೆ ಎಗ್‌ಲೆಸ್ ಕೇಕಿಗೆ ಮೊಸರು, ಸೋಡಾ ಹಾಕ್ತಾರಲ್ಲ, ಅದೂ ಇದೇ ಕೆಮಿಸ್ಟ್ರಿ.

ನನಗೆ ಈ ಹೆಂಗಸರ ಬಗ್ಗೆ ಲ್ಯಾಬಿನವರಿಗಿಂತ ಹೆಚ್ಚು ಗೌರವ. ಕ್ಯಾರೆಟ್ ಸಿಹಿ ಕೊಟ್ಟದ್ದು ಸ್ವಲ್ಪವೇ. ಅದು ತುಂಬಿದ್ದು ಜಾಗ, ಕೊಟ್ಟದ್ದು ಪಸೆ. ಸ್ಯಾಕರಿನ್ ಕೈಯಲ್ಲಿ ಆಗದ ಕೆಲಸ ಅದೇ. ಅಲ್ಲಿ ಸಕ್ಕರೆ ರೇಷನ್ ಮುಗಿದದ್ದು 1953ರ ಸೆಪ್ಟೆಂಬರ್‌ನಲ್ಲಿ.

ಆಮೇಲೆ ಸಕ್ಕರೆ ಧಾರಾಳವಾಯ್ತು, ತೂಕವೂ ಏರಿತು, ಹುಡುಕಾಟ ಮತ್ತೆ ಲ್ಯಾಬಿಗೆ ಹೋಯ್ತು. 1965ರಲ್ಲಿ ಅಲ್ಸರ್ ಔಷಧಿಗೆ ಕೆಲಸ ಮಾಡ್ತಿದ್ದ ಜೇಮ್ಸ್ ಶ್ಲಾಟರ್ ಬೆರಳು ನೆಕ್ಕಿದಾಗ ಆಸ್ಪರ್ಟೇಮ್ ಸಿಕ್ಕಿತು. ಕೂಲ್ ಡ್ರಿಂಕ್ಸ್‌ಗೆ ಸರಿ, ಆದರೆ ಓವನ್ ಬಿಸಿಗೆ ಒಡೆದು ಸಿಹಿ ಹೋಗುತ್ತೆ. 1976ರಲ್ಲಿ ಲಂಡನ್ನಿನಲ್ಲಿ ಶಶಿಕಾಂತ್ ಫಡ್ನಿಸ್ ಅನ್ನೋ ಭಾರತೀಯ ಸಂಶೋಧಕ, ಸಕ್ಕರೆಗೆ ಕ್ಲೋರಿನ್ ಸೇರಿಸಿದ ವಸ್ತುವನ್ನ 'ಟೆಸ್ಟ್' ಮಾಡು ಅಂದದ್ದನ್ನ 'ಟೇಸ್ಟ್' ಮಾಡು ಅಂತ ಕೇಳಿಸಿಕೊಂಡು ನಾಲಿಗೆಗೆ ಹಚ್ಚಿಕೊಂಡರಂತೆ. ಅದೇ ಸುಕ್ರಲೋಸ್, 600 ಪಟ್ಟು ಸಿಹಿ, ಬೇಕಿಂಗಿಗೂ ಬಳಸಬಹುದು. ಈ ಸಿಹಿಕಾರಕಗಳ ಚರಿತ್ರೆ ಪೂರ್ತಿ ಲ್ಯಾಬ್ ನಿಯಮ ಮುರಿದವರದ್ದೇ ನೋಡಿ!

ಆದರೆ ಖಾಲಿ ಜಾಗ? ಅದಕ್ಕೆ ಸುಕ್ರಲೋಸ್ ಜೊತೆ ಮಾಲ್ಟೋಡೆಕ್ಸ್‌ಟ್ರಿನ್ ಅನ್ನೋ ಪಿಷ್ಟದ ಪುಡಿ ಬೆರೆಸಿ, ಕಪ್ಪಿಗೆ ಕಪ್ ಅಳೆಯೋ ಹಾಗೆ ಮಾರ್ತಾರೆ. ಅಮೆರಿಕದ ನಿಯಮದ ಪ್ರಕಾರ ಒಂದು ಸಲದ ಪ್ರಮಾಣದಲ್ಲಿ 5 ಕ್ಯಾಲರಿಗಿಂತ ಕಡಿಮೆ ಇದ್ದರೆ ಡಬ್ಬಿ ಮೇಲೆ 'ಸೊನ್ನೆ' ಅಂತ ಬರೆಯಬಹುದು. ಚಮಚಕ್ಕೆ ಸೊನ್ನೆ, ಕಪ್ಪಿಗೆ ಹತ್ತಿರ ಹತ್ತಿರ ನೂರು. ಆದರೂ ಸಕ್ಕರೆಗಿಂತ ತುಂಬಾ ಕಡಿಮೆ, ಒಪ್ಪೋಣ. ಕಂದು ಬಣ್ಣ ಮಾತ್ರ ಸರಿಯಾಗಿ ಬರಲ್ಲ.

ಬೆಲ್ಲ ಹಾಕಿದ್ರೆ ಹೆಲ್ದಿ ಅನ್ನೋರಿಗೆ ಒಂದು ಮಾತು: ರುಚಿಗೆ ಹಾಕಿ, ನನಗೂ ಇಷ್ಟ. ಕ್ಯಾಲರಿ ಲೆಕ್ಕದಲ್ಲಿ ಬೆಲ್ಲ, ಸಕ್ಕರೆ ಅಣ್ಣತಮ್ಮಂದಿರು.

ಇದೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮಪ್ಪನಿಗೆ ಶುಗರ್ ಇದೆ. ಹೋದ ವರ್ಷ ಅವರ ಹುಟ್ಟುಹಬ್ಬಕ್ಕೆ ನೆಂಟರೊಬ್ಬರು 'ಶುಗರ್ ಫ್ರೀ' ಕೇಕ್ ತಂದಿದ್ರು. ಸಕ್ಕರೆ ಇಲ್ವಲ್ಲ ಅಂತ ಅಪ್ಪ ಮೂರು ಪೀಸ್ ತಿಂದ್ರು. ಎರಡು ಗಂಟೆ ಬಿಟ್ಟು ಮೀಟರ್ ನೋಡಿದ್ರೆ ಅಮ್ಮನ ಮುಖ ಬಿಳಿಚಿಕೊಳ್ತು. ಕೇಕಿನಲ್ಲಿ ಮೈದಾ ಇತ್ತಲ್ಲ! ಮೈದಾದ ಪಿಷ್ಟ ಹೊಟ್ಟೆಗೆ ಹೋಗಿ ಆಗೋದು ಗ್ಲೂಕೋಸೇ. ಡಬ್ಬಿ ಮೇಲಿನ ಆ ಎರಡು ಪದ ಸುಳ್ಳಲ್ಲ, ಆದರೆ ಅಪ್ಪ ಕೇಳಿಸಿಕೊಂಡದ್ದು 'ಎಷ್ಟಾದರೂ ತಿನ್ನು' ಅಂತ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೂಡ ತೂಕ ಇಳಿಸೋಕೆ ಅಂತ ಇಂಥ ಸಿಹಿಕಾರಕ ನೆಚ್ಚಬೇಡಿ ಅಂದಿತು. ಆ ಸಲಹೆ ಈಗಾಗಲೇ ಮಧುಮೇಹ ಇರೋರನ್ನ ಬಿಟ್ಟು ಉಳಿದವರಿಗೆ.

ಈಗ ನಮ್ಮನೆ ಲೆಕ್ಕ ಕೇಳಿ. 200 ಗ್ರಾಂ ಮೈದಾ, 200 ಗ್ರಾಂ ಸಕ್ಕರೆ, 100 ಗ್ರಾಂ ಬೆಣ್ಣೆ, ಎರಡು ಮೊಟ್ಟೆ. ಸಕ್ಕರೆಯನ್ನ 150ಕ್ಕೆ ಇಳಿಸ್ತೀನಿ, ಬದಲಿಗೆ ಏನೂ ಹಾಕಲ್ಲ, ಕೇಕ್ ತಡ್ಕೊಳ್ಳುತ್ತೆ. ಬೆಣ್ಣೆ ಅರ್ಧ ತೆಗೆದು 50 ಗ್ರಾಂ ಬೇಯಿಸಿ ಅರೆದ ಸೇಬು. ಕೊಬ್ಬಿಗೆ ಗ್ರಾಂಗೆ 9 ಅಂದೆನಲ್ಲ, ಹಾಗಾಗಿ ದೊಡ್ಡ ಉಳಿತಾಯ ಇಲ್ಲೇ. ಸೇಬಿನ ಪೆಕ್ಟಿನ್ ನೀರು ಹಿಡಿಯುತ್ತೆ, ಡಾಕ್ಟರ್ ಕ್ಯಾರೆಟ್ ಮಾಡಿದ ಕೆಲಸವೇ. ಹತ್ತು ತುಂಡು ಮಾಡಿದರೆ ತುಂಡಿಗೆ ಸುಮಾರು 240 ಕ್ಯಾಲರಿ ಇದ್ದದ್ದು 185ರ ಆಸುಪಾಸಿಗೆ ಬರುತ್ತೆ.

ಅಪ್ಪನಿಗೆ ಅದರಲ್ಲಿ ಅರ್ಧ ತುಂಡು. ಅದನ್ನ ಕತ್ತರಿಸೋದು ಅಮ್ಮ, ಚೌಕಾಸಿ ಮಾಡೋದು ಅಪ್ಪ.