ಊರಿನ ಕೆಲಸಕ್ಕೆ ತಕ್ಕ ಕಲಿಕೆ



ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿ ಬೆಳ್ಳಿಹಬ್ಬ ಆಚರಿಸುತ್ತಿರುವುದು ನಮಗೆಲ್ಲರಿಗೂ ಸಂತೋಷದ ಸಂಗತಿ. ಸಂಘ ಕೊಟ್ಟ ಸಾಲ, ಗೊಬ್ಬರದ ವಿಷಯ ಬೇರೆಯವರು ಬರೆಯುತ್ತಾರೆ. ನಮ್ಮ ಹುಡುಗರ ಕಲಿಕೆಗೂ ಊರಿನ ಕೆಲಸಕ್ಕೂ ಇರುವ ಸಂಬಂಧದ ಬಗ್ಗೆ ನಾವು ನಾಲ್ಕು ಮಾತು ಬರೆಯುತ್ತೇವೆ.

ಈ ವಿಚಾರ ನಮ್ಮ ನಾಡಿಗೆ ಹೊಸದೇನಲ್ಲ. 1912ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ದಿವಾನರಾದರು. ಮರುವರ್ಷ, 1913ರಲ್ಲಿ, ಹೆಬ್ಬಾಳದಲ್ಲಿ ವ್ಯವಸಾಯ ಶಾಲೆ ಆರಂಭವಾಯಿತು. 1917ರಲ್ಲಿ ಬೆಂಗಳೂರಿಗೆ ಇಂಜಿನಿಯರಿಂಗ್ ಕಾಲೇಜು ಬಂತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಕಲಿಕೆ ಒಂದು ಕೈ, ಕೆಲಸ ಇನ್ನೊಂದು ಕೈ. ಒಂದೇ ಕೈಯಲ್ಲಿ ಚಪ್ಪಾಳೆ ಆಗೋದಿಲ್ಲ ಎಂಬುದನ್ನು ಹಿರಿಯರು ಅಂದೇ ತಿಳಿದಿದ್ದರು.

ಸ್ವಾತಂತ್ರ್ಯಾನಂತರ 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂತು. ಹುಡುಗರು ಕಾರ್ಖಾನೆಯಲ್ಲೇ ಸ್ಟೈಪೆಂಡ್ ಪಡೆದು ಕೆಲಸ ಕಲಿಯುವಂತಾಯಿತು. ಆದರೆ ಕಾರ್ಖಾನೆಯೇ ಇಲ್ಲದ ನಮ್ಮಂಥ ಹಳ್ಳಿಗಳ ಗತಿ ಏನು? ಇದಕ್ಕೆ 1982ರಲ್ಲಿ ಉಜಿರೆಯಲ್ಲಿ ಒಂದು ದಾರಿ ಸಿಕ್ಕಿತು. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಕೆನರಾ ಬ್ಯಾಂಕ್ ಹಾಗೂ ಅಂದಿನ ಸಿಂಡಿಕೇಟ್ ಬ್ಯಾಂಕ್ ಜೊತೆ ಸೇರಿ, ರುಡ್‌ಸೆಟ್ ಸಂಸ್ಥೆ ಹುಟ್ಟಿತು. ಊಟ, ವಸತಿ, ತರಬೇತಿ ಎಲ್ಲವೂ ಉಚಿತ. ಕಲಿತವರಿಗೆ ಸ್ವಂತ ಉದ್ಯೋಗ ಹೂಡಲು ಬ್ಯಾಂಕ್ ಸಾಲಕ್ಕೂ ದಾರಿ ತೋರಿಸುತ್ತಾರೆ. 2009ರಲ್ಲಿ ಕೇಂದ್ರ ಸರ್ಕಾರ ಇದೇ ಮಾದರಿಯಲ್ಲಿ ಜಿಲ್ಲೆಗೊಂದು ಸಂಸ್ಥೆ ಮಾಡಲು ಮುಂದಾಯಿತು.

ಇನ್ನು ನಮ್ಮೂರಿನ ಮಾತು. ಸಂಘ ಶುರುವಾದ ಹೊಸದರಲ್ಲಿ ಬೋರ್‌ವೆಲ್ ಮೋಟರ್ ಸುಟ್ಟರೆ ತಾಲ್ಲೂಕಿಗೆ ಹೊತ್ತುಕೊಂಡು ಹೋಗಬೇಕಿತ್ತು. ಅದು ರಿಪೇರಿಯಾಗಿ ಬರೋದರೊಳಗೆ ಎಂಟು ದಿನ. ಅಷ್ಟರಲ್ಲಿ ಪೈರು ಒಣಗಿರೋದು. ಅದೇ ಹೊತ್ತಿಗೆ ಎಸ್.ಎಸ್.ಎಲ್.ಸಿ. ಫೇಲಾದ ಹುಡುಗರು ಅರಳಿಕಟ್ಟೆ ಮೇಲೆ ಸುಮ್ಮನೆ ಕೂತಿರೋರು. ಕೆಲಸವೂ ಊರಲ್ಲಿತ್ತು, ಕೆಲಸ ಮಾಡೋ ಕೈಯೂ ಊರಲ್ಲಿತ್ತು. ನಡುವೆ ಕಲಿಕೆ ಇರಲಿಲ್ಲ.

ನಾವು ನಿರ್ದೇಶಕರು ಆಗ ಮಾಡಿದ್ದೇನು? ಉಚಿತ ಅಂತ ಐದು ಜನ ಹುಡುಗರನ್ನು ಕಂಪ್ಯೂಟರ್ ತರಬೇತಿಗೆ ಕಳಿಸಿದೆವು. ಊರಲ್ಲಿ ಆಗ ಒಂದು ಕಂಪ್ಯೂಟರೂ ಇರಲಿಲ್ಲ. ಸರ್ಟಿಫಿಕೇಟು ಟ್ರಂಕಿನಲ್ಲಿ ಉಳಿಯಿತು, ಹುಡುಗರು ಬೆಂಗಳೂರು ಬಸ್ಸು ಹತ್ತಿದರು. ಅವರಲ್ಲಿ ಇಬ್ಬರ ಹೊಲ ಇವತ್ತಿಗೂ ಬೀಳು ಬಿದ್ದಿದೆ. ಬೇರೆ ಯಾರನ್ನೂ ದೂರುವಂತಿಲ್ಲ. ಊರಿಗೆ ಏನು ಬೇಕೆಂದು ಕೇಳದೇ ಇದ್ದ ತಪ್ಪು ನಮ್ಮದೇ.

ಆಮೇಲೆ ಬುದ್ಧಿ ಬಂತು. ಮಹಾಸಭೆಯಲ್ಲಿ ಸದಸ್ಯರನ್ನೇ ಕೇಳಿದೆವು. ಎಲ್ಲರೂ ಮೋಟರ್ ರಿಪೇರಿ ಎಂದರು. ಒಬ್ಬ ಹುಡುಗ ಹೋಗಿ ವೈಂಡಿಂಗ್ ಕಲಿತು ಬಂದ. ಸಂಘದ ಗೋದಾಮಿನ ಪಕ್ಕದ ಕೋಣೆಯನ್ನು ಅವನಿಗೆ ಬಾಡಿಗೆಗೆ ಕೊಟ್ಟೆವು. ಈಗ ಮೋಟರ್ ಸುಟ್ಟರೆ ಎರಡೇ ದಿನದಲ್ಲಿ ಗದ್ದೆಗೆ ನೀರು. ಅವನ ಕೈಕೆಳಗೆ ಇನ್ನಿಬ್ಬರು ಕಲಿಯುತ್ತಿದ್ದಾರೆ.

ಈಗ ಹನಿ ನೀರಾವರಿ ಪೈಪು, ಹಾಲು ಕರೆಯುವ ಮಿಷನ್ನು, ಪವರ್ ಟಿಲ್ಲರ್ ಬಂದಿವೆ. ಕೆಟ್ಟರೆ ಮತ್ತೆ ತಾಲ್ಲೂಕಿಗೇ ಓಡುತ್ತೇವೆ. ಆದ್ದರಿಂದ ನಮ್ಮದೊಂದು ವಿನಂತಿ. ಸಂಘದಲ್ಲಿ ಒಂದು ಪುಸ್ತಕ ಇಡೋಣ. ಯಾವ ಕೆಲಸಕ್ಕೆ ಜನ ಸಿಗುತ್ತಿಲ್ಲವೆಂದು ಸದಸ್ಯರು ಬರೆಯಲಿ. ಅದನ್ನು ನೋಡಿಯೇ ಮಕ್ಕಳನ್ನು, ಹೆಣ್ಣುಮಕ್ಕಳನ್ನೂ ಸೇರಿಸಿ, ತರಬೇತಿಗೆ ಕಳಿಸೋಣ.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಆ ಮೊಸರು ನಮ್ಮೂರಲ್ಲೇ ಉಣ್ಣುವಂತಾಗಲಿ.

ಜೈ ಸಹಕಾರ.