ರೋಗನಾಮವೂ ರೋಗಹೇತುವೂ: ಕ್ಯಾಸನೂರಿನ ವೈರಾಣುವಿನ ಶೋಧ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳಲ್ಲಿ ಒಂದು ವ್ಯಾಧಿಗೆ ‘ಅಣಬೆ ರೋಗ’ವೆಂದು ಹೆಸರು. ಮರದ ಬುಡದಲ್ಲಿ ಅಣಬೆಯು ತಲೆದೋರುವ ವೇಳೆಗೆ ಬೇರು ಕೊಳೆತುಹೋಗಿರುತ್ತದೆ. ಆದರೂ ಹೆಸರು ಯಥಾರ್ಥವಾದುದು, ಆ ಶಿಲೀಂಧ್ರವೇ ರೋಗಕ್ಕೆ ಹೇತುವಾದುದರಿಂದ. ಕಣ್ಣಿಗೆ ಕಂಡ ಲಿಂಗವನ್ನು ಹಿಡಿದು ಇಟ್ಟ ಹೆಸರು ಹೇತುವನ್ನೇ ಹೇಳುವ ಭಾಗ್ಯವು ಎಲ್ಲ ವ್ಯಾಧಿಗಳಿಗೂ ಇಲ್ಲ. ಮಲೆನಾಡಿನ ‘ಮಂಗನ ಕಾಯಿಲೆ’ಯು ಇದಕ್ಕೆ ಪ್ರತ್ಯುದಾಹರಣೆ.

೧೯೫೭ರ ಬೇಸಗೆಯ ಮೊದಲಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತುಬಿದ್ದುವು. ಕಾಡಿಗೆ ಹೋಗಿಬರುವ ಹಳ್ಳಿಗರು ತೀವ್ರವಾದ ಜ್ವರದಿಂದಲೂ ತಲೆನೋವಿನಿಂದಲೂ ನರಳಿದರು. ಕೆಲವರಿಗೆ ರಕ್ತಸ್ರಾವವೂ ಆಯಿತು. ೧೯೫೨ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಾಣು ಸಂಶೋಧನ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮೊದಲಾದವರು ಶೋಧಕ್ಕೆ ತೊಡಗಿದರು. ಮೊದಲು ತೋರಿದ ಶಂಕೆಗಳಲ್ಲಿ ಪೀತಜ್ವರವೇ ಮುಖ್ಯ. ದಕ್ಷಿಣ ಅಮೆರಿಕೆಯ ಕಾಡುಗಳಲ್ಲಿ ಆ ಜ್ವರದಿಂದ ಮಂಗಗಳೂ ಮನುಷ್ಯರೂ ಸಾಯುವುದುಂಟು. ಅದನ್ನು ಹರಡಬಲ್ಲ ಸೊಳ್ಳೆಯು ಭಾರತದಲ್ಲಿಯೂ ಇದೆ, ಜ್ವರವು ಮಾತ್ರ ಬಂದಿರಲಿಲ್ಲ. ಶಂಕೆಯು ನಿಜವಾಗಿದ್ದರೆ ದೇಶಕ್ಕೆ ಒದಗುತ್ತಿದ್ದ ಆಪತ್ತು ಅಲ್ಪವಲ್ಲ.

ರೋಗಿಗಳ ರಕ್ತವನ್ನೂ ಸತ್ತ ಮಂಗಗಳ ಅಂಗಾಂಶವನ್ನೂ ಬಿಳಿ ಇಲಿಯ ಎಳೆಮರಿಗಳಿಗೆ ಚುಚ್ಚಿ, ವೈರಾಣುವನ್ನು ಬೇರ್ಪಡಿಸಿ ಪರೀಕ್ಷಿಸಲಾಗಿ, ಅದು ಪೀತಜ್ವರದ್ದಾಗಿರಲಿಲ್ಲ. ಅದರ ದಾಯಾದಿಗಳಿದ್ದುದು ರಷ್ಯಾದೇಶದ ಕಾಡುಗಳಲ್ಲಿ: ಉಣುಗಿನ ಕಡಿತದಿಂದ ಮೆದುಳಿಗೆ ಉರಿಯೂತವನ್ನು ತರುವ ವೈರಾಣುಗಳು. ಈ ಬಾಂಧವ್ಯವೇ ಮುಂದಿನ ದಾರಿಯನ್ನು ತೋರಿತು. ಸೊಳ್ಳೆಯನ್ನು ಬಿಟ್ಟು ಉಣುಗನ್ನು ಹುಡುಕಿದರು. ಕ್ಯಾಸನೂರಿನ ಉಣುಗಿನಲ್ಲಿ ಅದೇ ವೈರಾಣು ದೊರೆಯಿತು. ಮಂಗವು ಹೇತುವಲ್ಲ, ಮನುಷ್ಯನಂತೆ ಅದೂ ರೋಗಿಯೇ. ಹೆಸರು ಪೂರ್ತಿ ಸುಳ್ಳೆನ್ನುವಂತೆಯೂ ಇಲ್ಲ: ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಆ ಸ್ಥಳದಲ್ಲಿ ರೋಗವನ್ನು ಹಬ್ಬಿಸುತ್ತವೆ.

ಹೆಸರಿನ ತೊಡಕು, ಸಾದೃಶ್ಯದ ತೊಡಕು, ಇವೆರಡೂ ಏಡ್ಸ್ ವ್ಯಾಧಿಯ ಶೋಧದಲ್ಲಿ ಮತ್ತೆ ಕಂಡುಬಂದುವು. ೧೯೮೧ರಲ್ಲಿ ಅಮೆರಿಕೆಯಲ್ಲಿ ಗುರುತಿಸಲ್ಪಟ್ಟ ಆ ವ್ಯಾಧಿಗೆ ಕೆಲವರು ರೋಗಿಗಳ ಪಂಗಡವನ್ನೇ ಹಿಡಿದು ಹೆಸರಿಟ್ಟರು. ರಕ್ತದಿಂದ ತಯಾರಾದ ಔಷಧವನ್ನು ಪಡೆದವರಲ್ಲಿಯೂ ಅದು ಕಾಣಲಾಗಿ ೧೯೮೨ರಲ್ಲಿ ಆ ಹೆಸರು ಬಿದ್ದುಹೋಯಿತು. ೧೯೮೩ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯ ಫ್ರಾಂಸ್ವಾಸ್ ಬಾರೆ-ಸಿನೂಸಿ, ಲ್ಯುಕ್ ಮೊಂತಾನ್ಯೇ ಇವರ ಬಳಗವು ರೋಗಿಯೊಬ್ಬನ ದುಗ್ಧಗ್ರಂಥಿಯಿಂದ ವೈರಾಣುವನ್ನು ಪಡೆಯಿತು. ಅಮೆರಿಕೆಯ ರಾಬರ್ಟ್ ಗ್ಯಾಲೊ ಅವರು ೧೯೮೪ರಲ್ಲಿ ಅದೇ ವೈರಾಣುವನ್ನು, ತಾವು ಹಿಂದೆ ಕಂಡುಹಿಡಿದಿದ್ದ ರಕ್ತಾರ್ಬುದದ ವೈರಾಣುವಿನ ಕುಲದಲ್ಲಿ ಮೂರನೆಯದೆಂದು ಎಣಿಸಿದರು. ಅದು ರೋಗಹೇತುವೆಂಬುದನ್ನು ದೃಢಪಡಿಸಿದ ಶ್ರೇಯಸ್ಸು ಅವರಿಗೂ ಸಲ್ಲತಕ್ಕದ್ದು. ಆದರೆ ಕುಲದ ಎಣಿಕೆಯು ನಿಲ್ಲಲಿಲ್ಲ. ೧೯೮೬ರಲ್ಲಿ ಎಚ್.ಐ.ವಿ. ಎಂಬ ಹೆಸರು ಸ್ಥಿರವಾಯಿತು.

ಮಲೆನಾಡಿನ ವೈರಾಣುವಿಗೆ ವಿದ್ವಾಂಸರು ಕ್ಯಾಸನೂರಿನ ಹೆಸರನ್ನೇ ಇಟ್ಟರು. ಜನರ ಬಾಯಲ್ಲಿ ಅದು ಇಂದಿಗೂ ಮಂಗನ ಕಾಯಿಲೆಯೇ. ಕಾಡಿನಲ್ಲಿ ಮಂಗವು ಸತ್ತಿತೆಂಬ ವಾರ್ತೆ ಬಂದೊಡನೆ ಆರೋಗ್ಯ ಇಲಾಖೆಯವರು ಎಚ್ಚರಗೊಳ್ಳುವುದೂ ಹಾಗೆಯೇ ಉಳಿದಿದೆ.